ತೂಕದ ಯಂತ್ರಕ್ಕೆ ಮುದ್ರೆ ಇದೆ, ಎಐಗೆ?

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಮದ್ದೂರಿಗೆ ಹೊಂದಿಕೊಂಡ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್‌ನಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಕನ್ನಡ ಬಾರದವರಿಗೂ ತಿಳಿಯಲೆಂದು ಮೆಟಾ ಕಂಪನಿಯ ಯಂತ್ರ ಅದನ್ನು ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿತು. ತಿರುಗಿಸುವ ಭರದಲ್ಲಿ ನಿಧನದ ಮಾತು ನಟಿಯನ್ನು ಬಿಟ್ಟು ಮುಖ್ಯಮಂತ್ರಿಯ ಹೆಸರಿಗೆ ಅಂಟಿಕೊಂಡಿತು. ದರ್ಶನಕ್ಕೆ ಹೋದವರೇ ಹಿಂದಿನ ದಿನ ತೀರಿಕೊಂಡಿದ್ದರು ಎಂಬಂತೆ ಲೋಕ ಓದಿತು.

ಕನ್ನಡದಲ್ಲಿ ‘ನಿನ್ನೆ ತೀರಿಕೊಂಡ ನಟಿಯ ದರ್ಶನ ಪಡೆದರು’ ಎಂದರೆ ತೀರಿಕೊಂಡವರು ಯಾರು, ದರ್ಶನ ಪಡೆದವರು ಯಾರು ಎಂದು ಮಳವಳ್ಳಿಯ ಮೂರನೇ ತರಗತಿ ಹುಡುಗನಿಗೂ ಗೊತ್ತು. ಕೋಟ್ಯಂತರ ಪುಟ ಓದಿದ ಯಂತ್ರಕ್ಕೆ ಗೊತ್ತಾಗಲಿಲ್ಲ. ಮುಖ್ಯಮಂತ್ರಿಯವರ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದು, ನಿಖರತೆ ಬರುವವರೆಗೆ ಕನ್ನಡದ ಸ್ವಯಂಚಾಲಿತ ಅನುವಾದವನ್ನೇ ನಿಲ್ಲಿಸಿ ಎಂದು ಕೇಳಿದರು. ಮೆಟಾ ಕ್ಷಮೆ ಕೇಳಿತು, ದೋಷ ಸರಿಪಡಿಸಿದ್ದಾಗಿ ಹೇಳಿತು. ಕೆಲವೇ ದಿನಗಳಲ್ಲಿ ವಿಷಯ ಮುಗಿಯಿತು.

ಅಷ್ಟು ಬೇಗ ಮುಗಿದದ್ದು ಪೆಟ್ಟು ಬಿದ್ದದ್ದು ಮುಖ್ಯಮಂತ್ರಿಯ ಹೆಸರಿನ ಮೇಲೆ ಎಂಬ ಕಾರಣಕ್ಕೆ. ಇಂಥದ್ದೇ ಇನ್ನೊಂದು ಯಂತ್ರ ಹಲಗೂರು ಹೋಬಳಿಯ ಒಬ್ಬ ವಿಧವೆಯನ್ನು ‘ಮೃತರು’ ಎಂದು ಗುರುತು ಹಾಕಿ ಪಿಂಚಣಿ ನಿಲ್ಲಿಸಿತೆನ್ನಿ. ಆಕೆ ಯಾರಿಗೆ ಪತ್ರ ಬರೆಯಬೇಕು? ಕ್ಷಮೆ ಕೇಳುವವರು ಯಾರು? ಹೊಣೆಯರಿತ ಕೃತಕ ಬುದ್ಧಿಮತ್ತೆಯ ಬಗ್ಗೆ ಪಂಚತಾರಾ ಹೋಟೆಲುಗಳ ಸಮಾವೇಶಗಳಲ್ಲಿ ಆಡುವ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ.

ಮಂಡ್ಯ ಜಿಲ್ಲೆಗೆ ಎಐ ಎಂದು ಬಂದೀತು ಎಂದು ಕಾಯಬೇಕಾಗಿಲ್ಲ. ಅದು ಬಂದು ಕೂತಾಗಿದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಈಗ ಗಾಡಿಯ ವೇಗ, ಸೀಟ್ ಬೆಲ್ಟ್, ಕೈಯಲ್ಲಿರುವ ಮೊಬೈಲು ಎಲ್ಲವನ್ನೂ ನೋಡುವುದು ಕ್ಯಾಮೆರಾ. ಅಂಗನವಾಡಿಯಲ್ಲಿ ಬಾಣಂತಿಗೆ ಮನೆಗೊಯ್ಯುವ ಆಹಾರ ಕೊಡಬೇಕಾದರೆ ಪೋಷಣ್ ಟ್ರ್ಯಾಕರ್ ಆ್ಯಪ್ ಆಕೆಯ ಮುಖ ಗುರುತಿಸಬೇಕು. 2025ರ ಜುಲೈ 1ರಿಂದ ಇದು ದೇಶದಾದ್ಯಂತ ಕಡ್ಡಾಯ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತದ ಇಳುವರಿಯ ಅಂದಾಜಿಗೆ ಉಪಗ್ರಹ ಚಿತ್ರ ಮತ್ತು ಗಣಕ ಮಾದರಿಗಳ ಲೆಕ್ಕವನ್ನೂ ಸೇರಿಸುವ ವ್ಯವಸ್ಥೆ ಬಂತು. ಅದಕ್ಕೆ ಕೊಡಬೇಕಾದ ತೂಕ ಕನಿಷ್ಠ ಶೇ 30. ಉಳಿದದ್ದು ಗದ್ದೆಗೆ ಇಳಿದು, ಕುಯ್ದು, ತೂಗಿ ನೋಡುವ ಹಳೆಯ ಬೆಳೆ ಕಟಾವು ಪ್ರಯೋಗಕ್ಕೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬಂತೋ ಇಲ್ಲವೋ ಎಂಬುದನ್ನು ಆಕಾಶದಿಂದ ನೋಡಿ ಹೇಳುವ ಕಾಲ ಇದು.

ಇವುಗಳಲ್ಲಿ ಎಷ್ಟೋ ಕೆಟ್ಟವಲ್ಲ. ಈ ಹೆದ್ದಾರಿ ಶುರುವಾದ ಮೊದಲ ತಿಂಗಳುಗಳಲ್ಲಿ ದಿನಬೆಳಗಾದರೆ ಸಾವಿನ ಸುದ್ದಿ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ ಬಂದು, ವೇಗದ ಮೇಲೆ ಕಣ್ಣಿಟ್ಟ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಕ್ಯಾಮೆರಾ ಲಂಚ ಕೇಳುವುದಿಲ್ಲ, ಗಾಡಿ ಯಾರದ್ದು ಎಂದು ನೋಡಿ ಸಲಾಮು ಹೊಡೆಯುವುದೂ ಇಲ್ಲ. ಇದು ಸಣ್ಣ ಲಾಭವಲ್ಲ. ಆದರೆ ನೆದರ್ಲೆಂಡಿನಲ್ಲಿ 2023ರಲ್ಲಿ ತಲೆ ಕೆರೆದುಕೊಂಡ ಚಾಲಕನೊಬ್ಬನನ್ನು ಮೊಬೈಲಿನಲ್ಲಿ ಮಾತಾಡುತ್ತಿದ್ದ ಎಂದು ತಿಳಿದು ಕ್ಯಾಮೆರಾ 380 ಯೂರೊ ದಂಡಕ್ಕೆ ಗುರಿ ಮಾಡಿತು. ತಮಾಷೆ ಎಂದರೆ ಆತನೇ ಇಂಥ ತಂತ್ರಾಂಶ ಬಲ್ಲವನು. ತಪ್ಪು ಎಲ್ಲಿ ಆಯಿತೆಂದು ತಾನೇ ಬಿಡಿಸಿ ತೋರಿಸಿದ. ನಮ್ಮ ಹೆದ್ದಾರಿಯಲ್ಲಿ ಕೊತ್ತಂಬರಿ ಸೊಪ್ಪು ಹೇರಿಕೊಂಡು ಹೋಗುವ ಗೂಡ್ಸ್ ಆಟೊದವನು ಸರ್ವಿಸ್ ರಸ್ತೆಯಲ್ಲಿದ್ದೆ ಎಂದು ಹೇಗೆ ಬಿಡಿಸಿ ತೋರಿಸಬೇಕು?

ಕೆಲವು ತಜ್ಞರು ಇಲ್ಲಿ ಮೂಗು ಮುರಿಯಬಹುದು. ಪಡಿತರ ಕಾರ್ಡು ರದ್ದು ಮಾಡುವುದು, ಹೆಸರು ತಾಳೆ ನೋಡುವುದು, ಇವೆಲ್ಲ ನಿಜವಾದ ಎಐ ಅಲ್ಲ, ಬರೀ ಲೆಕ್ಕದ ಪ್ರೋಗ್ರಾಂ ಎಂದಾರು. ಅಕ್ಕಿ ನಿಂತವರಿಗೆ ಆ ವ್ಯತ್ಯಾಸ ಬೇಕಾಗಿಲ್ಲ.

ಪಕ್ಕದ ತೆಲಂಗಾಣವನ್ನು ನೋಡಿದರೆ ಇದು ಅರ್ಥವಾಗುತ್ತದೆ. ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಅಲ್ಲಿ ಹಲವು ಇಲಾಖೆಗಳ ದಾಖಲೆಗಳನ್ನು ಒಂದೆಡೆ ಸೇರಿಸಿ, ಹೆಸರು ವಿಳಾಸಗಳನ್ನು ಹೋಲಿಸಿ, ಯಾರಿಗೆ ಪಡಿತರ ಸಲ್ಲಬೇಕು, ಯಾರಿಗೆ ಬೇಡ ಎಂದು ಸೂಚಿಸುತ್ತದೆ. ಹೈದರಾಬಾದಿನ ರಿಕ್ಷಾ ತುಳಿಯುವವನ ಹೆಂಡತಿಯೊಬ್ಬಳಿಗೆ ಕಾರ್ಡು ಸಿಗಲಿಲ್ಲ. ಕಾರಣ, ಗಂಡನ ಹೆಸರನ್ನೇ ಹೋಲುವ ಹೆಸರಿನ ಮತ್ತೊಬ್ಬನ ಬಳಿ ಕಾರಿತ್ತು. ಯಂತ್ರ ಇಬ್ಬರನ್ನೂ ಒಬ್ಬನೇ ಎಂದು ಬಗೆಯಿತು. ಸುಮಾರು 19 ಲಕ್ಷ ಕಾರ್ಡುಗಳು ರದ್ದಾದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮನೆ ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಬೇಕಾಯಿತು. ಒಂದು ಕಾರ್ಡು ಎಂದರೆ ಒಂದು ಒಲೆ. ಅಷ್ಟು ಒಲೆಗಳ ವಿಷಯದಲ್ಲಿ ಮೊದಲು ಮನೆಗೆ ಹೋಗಿ ನೋಡಿ ಆಮೇಲೆ ರದ್ದು ಮಾಡಬೇಕಿತ್ತು. ಆದದ್ದು ತಿರುಗಾಮುರುಗಾ.

ಕರ್ನಾಟಕವೂ 2024ರ ನವೆಂಬರ್‌ನಲ್ಲಿ ಇದರ ರುಚಿ ಕಂಡಿತು. ಅನರ್ಹರನ್ನು ಹುಡುಕುವ ಕಾರ್ಯಾಚರಣೆಯಲ್ಲಿ ದಂಡಿಯಾಗಿ ಬಿಪಿಎಲ್ ಕಾರ್ಡುಗಳು ರದ್ದಾದವು, ಇಲ್ಲವೇ ಎಪಿಎಲ್ ಆದವು. ಗಲಾಟೆ ಎದ್ದ ಮೇಲೆ ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿ ಕೊಡಲು ಸರ್ಕಾರ ಆದೇಶಿಸಿತು. ಅನರ್ಹರನ್ನು ತೆಗೆಯಬಾರದು ಎಂದು ಯಾರೂ ಹೇಳುವುದಿಲ್ಲ. ಬೆಳಗ್ಗೆ ನ್ಯಾಯಬೆಲೆ ಅಂಗಡಿಗೆ ಚೀಲ ಹಿಡಿದು ಹೋದಾಗ ಗೊತ್ತಾಗಬೇಕಾದ ವಿಷಯವೇ ಅದು ಎಂಬುದು ಪ್ರಶ್ನೆ.

ಹಾಗಾದರೆ ದಾರಿ ಏನು? ದೂರ ಹುಡುಕಬೇಕಾಗಿಲ್ಲ. ಅದು ಕಬ್ಬಿನ ಗಾಡಿಯ ಚಕ್ರದ ಕೆಳಗೇ ಇದೆ.

ಕಬ್ಬು ಅರೆಯುವ ಕಾಲದಲ್ಲಿ ಮದ್ದೂರು ತಾಲ್ಲೂಕಿನ ಕೊಪ್ಪ ಅಥವಾ ಕೆ.ಎಂ. ದೊಡ್ಡಿಯ ಕಡೆ ಹೋದವರು ಕಾರ್ಖಾನೆಯ ಮುಂದೆ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲನ್ನು ನೋಡಿಯೇ ಇರುತ್ತಾರೆ. ಸರದಿ ಬಂದಾಗ ಗಾಡಿ ವೇಬ್ರಿಡ್ಜಿನ ಕಬ್ಬಿಣದ ಹಾಸಿನ ಮೇಲೆ ಹತ್ತುತ್ತದೆ. ಕಿಟಕಿಯಾಚೆ ಕೆಂಪು ಅಂಕಿಗಳು ಮೇಲೆ ಕೆಳಗೆ ಕುಣಿದು ಒಂದು ಕಡೆ ನಿಲ್ಲುತ್ತವೆ. ರೈತ ಕತ್ತು ಚಾಚಿ ಅದನ್ನೇ ನೋಡುತ್ತಾನೆ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ಗಾಡಿ ಮತ್ತೆ ಹತ್ತುತ್ತದೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಒಂದು ವರ್ಷದ ದುಡಿಮೆ. ಆ ಅಂಕಿ ಹುಟ್ಟುವುದು ಹಾಸಿನ ಅಡಿಯಲ್ಲಿರುವ ಲೋಡ್ ಸೆಲ್ ಎಂಬ ಲೋಹದ ತುಂಡಿನಲ್ಲಿ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ, ಅದಕ್ಕೆ ಅಂಟಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಟನ್ನಿನ ಲೆಕ್ಕವಾಗುತ್ತದೆ. ರೈತನಿಗೆ ಈ ವಿಜ್ಞಾನ ಗೊತ್ತಿಲ್ಲ. ಕಿಟಕಿಯೊಳಗೆ ಕೂತ ಗುಮಾಸ್ತನಿಗೂ ಬಹುಶಃ ಗೊತ್ತಿಲ್ಲ. ಆದರೂ ವ್ಯವಹಾರ ನಡೆಯುತ್ತದೆ.

ನಡೆಯುವುದು ನಂಬಿಕೆಯ ಮೇಲೆ ಎಂದು ಹೇಳಿದರೆ ಮಂಡ್ಯದ ರೈತರು ನಗುತ್ತಾರೆ. ತೂಕದ ಬಗ್ಗೆ ಅವರಷ್ಟು ಅನುಮಾನದ ಜನ ಇನ್ನಿಲ್ಲ, ಅದಕ್ಕೆ ಕಾರಣಗಳೂ ಇವೆ. ನಡೆಸುವುದು ಮುದ್ರೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ತೂಕದ ಯಂತ್ರದ ಮಾದರಿಗೆ ಮಾರುವ ಮೊದಲೇ ಕೇಂದ್ರದ ಅನುಮೋದನೆ ಬೇಕು. ತಯಾರಿಸುವವನಿಗೆ, ಮಾರುವವನಿಗೆ, ಕಡೆಗೆ ರಿಪೇರಿ ಮಾಡುವವನಿಗೂ ಪರವಾನಗಿ ಬೇಕು. ಯಂತ್ರ ಬಂದು ಕೂತ ಮೇಲೆ ಇಲಾಖೆಯ ಇನ್‌ಸ್ಪೆಕ್ಟರ್ ಪ್ರಮಾಣದ ಬೊಟ್ಟುಗಳನ್ನಿಟ್ಟು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ, ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಪ್ರಮಾಣಪತ್ರ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಇಷ್ಟೆಲ್ಲ ಇದ್ದೂ ಮೋಸ ನಡೆಯುತ್ತದೆ. ಆದರೆ ನಡೆದಾಗ ಜಗಳ ಆಡಲು ಒಂದು ಜಾಗ, ಒಬ್ಬ ಅಧಿಕಾರಿ, ಒಂದು ದಿನಾಂಕ, ಒಂದು ಕಲಂ ಇದೆ. ಅನುಮಾನ ಬಂದವನು ದಾರಿಯಲ್ಲಿ ಬೇರೆ ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿ ತಂದು ಮುಖಕ್ಕೆ ಹಿಡಿಯಬಹುದು.

ಎಐ ಕಂಪನಿಗಳ ಮಾಮೂಲಿ ಉತ್ತರ ಎಂದರೆ, ಯಂತ್ರದೊಳಗೆ ತೀರ್ಮಾನ ಹೇಗೆ ಹುಟ್ಟುತ್ತದೆ ಎಂದು ಪೂರ್ತಿ ವಿವರಿಸುವುದು ಕಷ್ಟ ಎಂಬುದು. ಇರಬಹುದು. ಲೋಡ್ ಸೆಲ್ಲನ್ನು ವಿವರಿಸಿ ಎಂದು ಯಾವ ರೈತನೂ ಕೇಳಿಲ್ಲ. ಪರೀಕ್ಷೆ ಮಾಡಿದವರು ಯಾರು, ಎಂದು ಮಾಡಿದರು, ಎಷ್ಟು ತಪ್ಪು ಸಿಕ್ಕಿತು, ತಪ್ಪಾದರೆ ಯಾರ ಹತ್ತಿರ ಹೋಗಬೇಕು, ಈ ನಾಲ್ಕು ಉತ್ತರ ಗೋಡೆಯ ಮೇಲೆ ಇದ್ದರೆ ಸಾಕು.

ಹೋಲಿಕೆಗೂ ಒಂದು ಮಿತಿ ಇದೆ. ಟನ್ನಿಗೆ ಕಬ್ಬಿಣದ ಬೊಟ್ಟು ಇದೆ, ಬಡತನಕ್ಕೆ ಇಲ್ಲ. ಆದರೂ ಪರೀಕ್ಷೆ ಅಸಾಧ್ಯವೇನಲ್ಲ. ಯಂತ್ರ ‘ಅನರ್ಹ’ ಎಂದ ಕುಟುಂಬಗಳಲ್ಲಿ ಪ್ರತಿ ತಾಲ್ಲೂಕಿಗೆ ಇನ್ನೂರನ್ನು ಚೀಟಿ ಎತ್ತಿ ಆರಿಸಲಿ. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಹೋಗಿ ನೋಡಿ ಬರೆಯಲಿ. ಇನ್ನೂರರಲ್ಲಿ ಎಷ್ಟು ತಪ್ಪು ಎಂಬ ಸಂಖ್ಯೆ ತಾಲ್ಲೂಕು ಕಚೇರಿಯ ಫಲಕದಲ್ಲಿ ಬೀಳಲಿ. ಅದು ಬಿದ್ದ ಮೇಲೆ ರದ್ದತಿಯ ಮಾತು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಇಲಾಖೆಯೂ ಬೇಡ.

ಕಾನೂನು ಮಾತ್ರ ಇದ್ದು ಪರೀಕ್ಷಿಸುವ ಕಾಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯದ ಬಳಿ ನೋವಿನ ಉದಾಹರಣೆಯೊಂದಿದೆ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಎಳೆಯೊಂದು ಬಿಚ್ಚುತ್ತಾ ಹೋಗಿ ಮಂಡ್ಯದ ಒಂದು ಆಲೆಮನೆಗೆ ಬಂದು ನಿಂತಿತು. ಬೆಲ್ಲ ಕಾಯಿಸುವ ಆ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರು. ಹೆಣ್ಣೆಂದರೆ ಗರ್ಭಪಾತಕ್ಕೆ ಮೈಸೂರಿನ ದಾರಿ. ನೂರಾರು ಭ್ರೂಣಗಳ ಹತ್ಯೆ ನಡೆದಿದೆ ಎಂದು ಪೊಲೀಸರು ಹೇಳಿದರು. ಪ್ರಕರಣ ಸಿಐಡಿಗೆ ಹೋಯಿತು.

ಅಲ್ಟ್ರಾಸೌಂಡ್ ಯಂತ್ರದ ಬಗ್ಗೆ ನಮ್ಮಲ್ಲಿ ಕಾನೂನು ಇರಲಿಲ್ಲವೇ? 1994ರದ್ದೇ ಇದೆ. 2003ರ ತಿದ್ದುಪಡಿಯಿಂದ ಅದು ಇನ್ನೂ ಬಿಗಿಯಾಯಿತು. ನೋಂದಣಿ ಇಲ್ಲದ ಕೇಂದ್ರಕ್ಕೆ ಯಂತ್ರ ಮಾರುವುದೇ ಅಪರಾಧ. ಹೊಣೆ ವೈದ್ಯರ ಮೇಲೆ ಮಾತ್ರವಲ್ಲ, ಮಾರುವ ಕಂಪನಿಯ ಮೇಲೂ ಇದೆ. ಪ್ರತಿ ಗರ್ಭಿಣಿಯ ಪರೀಕ್ಷೆಗೂ ‘ಫಾರಂ ಎಫ್’ ತುಂಬಬೇಕು. ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಜನರ ಭಾಷೆಯಲ್ಲೇ ಇರಬೇಕು. ಕಾಗದದ ಮೇಲೆ ಇಷ್ಟು ಕಟ್ಟುನಿಟ್ಟಾದ ತಂತ್ರಜ್ಞಾನದ ಕಾನೂನು ಜಗತ್ತಿನಲ್ಲಿ ಹೆಚ್ಚಿಲ್ಲ. ಆದರೆ ಆಲೆಮನೆಯ ಹೊಗೆಯೊಳಗೆ ಇಣುಕಿ ನೋಡುವವರು ಇರಲಿಲ್ಲ. ಕಾನೂನನ್ನು ಬರೆದವರು ದೆಹಲಿಯಲ್ಲಿ, ಯಂತ್ರ ಕಬ್ಬಿನ ಗದ್ದೆಯ ನಡುವೆ.

ಇದೇ ಕಾನೂನಿಗೆ ಇನ್ನೊಂದು ಕಥೆ ಅಂಟಿಕೊಂಡಿದೆ, ಅದು ಉದ್ಯಮದ ಬಗ್ಗೆ. ಲಿಂಗ ಪತ್ತೆಯ ಜಾಹೀರಾತುಗಳನ್ನು ತೋರಿಸುತ್ತಿದ್ದ ಗೂಗಲ್, ಮೈಕ್ರೊಸಾಫ್ಟ್, ಯಾಹೂ ವಿರುದ್ಧ ಡಾ. ಸಾಬು ಮ್ಯಾಥ್ಯೂ ಜಾರ್ಜ್ 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಇಷ್ಟು ದೊಡ್ಡ ಜಾಲದಲ್ಲಿ ಎಲ್ಲವನ್ನೂ ತಡೆಯುವುದು ತಾಂತ್ರಿಕವಾಗಿ ಆಗದ ಮಾತು ಎಂಬ ವಾದ ಬಂತು. ಎಂಟು ವರ್ಷ ಕಳೆದ ಮೇಲೆ, 2016ರಲ್ಲಿ, ಕೆಲವು ಪದಗಳನ್ನು ತಾನಾಗಿ ತಡೆಯಲು ಅವು ಒಪ್ಪಿದವು. ದೂರು ಬಂದ 36 ಗಂಟೆಯೊಳಗೆ ತೆಗೆಯಬೇಕೆಂದು ನ್ಯಾಯಾಲಯ ಹೇಳಿತು. ಆಗದು ಎಂದದ್ದು ಆಯಿತು. ಕೋರ್ಟು ಬಾಗಿಲಿಗೆ ಬಂದಾಗ ಮಾತ್ರ.

ಈ ಎರಡು ಕಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿದ ಎಐ ಆಡಳಿತ ಮಾರ್ಗಸೂಚಿಯನ್ನು ಓದಬೇಕು. ಐಐಟಿ ಮದ್ರಾಸಿನ ಪ್ರೊ. ಬಲರಾಮನ್ ರವೀಂದ್ರನ್ ನೇತೃತ್ವದ ಸಮಿತಿ ರೂಪಿಸಿದ ಅದರಲ್ಲಿ ಏಳು ಸೂತ್ರಗಳಿವೆ. ನಂಬಿಕೆ, ಜನ ಮೊದಲು, ನ್ಯಾಯ, ಉತ್ತರದಾಯಿತ್ವ, ಎಲ್ಲವೂ ಇದೆ. ನಿರ್ಬಂಧಕ್ಕಿಂತ ಹೊಸ ಶೋಧಕ್ಕೆ ಆದ್ಯತೆ ಎಂಬುದೂ ಒಂದು ಸೂತ್ರ. ಎಐಗೆಂದೇ ಪ್ರತ್ಯೇಕ ಕಾಯ್ದೆ ಈಗ ಬೇಡ, ಇರುವ ಕಾನೂನುಗಳು ಮತ್ತು ಕಂಪನಿಗಳ ಸ್ವಯಂಪ್ರೇರಿತ ಕ್ರಮಗಳು ಸಾಕು ಎಂಬುದು ಒಟ್ಟು ಧಾಟಿ. ಯುರೋಪು ಬೇರೆ ದಾರಿ ಹಿಡಿದಿದೆ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಅಲ್ಲಿನ ಕಾಯ್ದೆ ಅಪಾಯದ ಮಟ್ಟ ನೋಡಿ ಬಳಕೆಗಳನ್ನು ವಿಂಗಡಿಸುತ್ತದೆ. ಸಾಲ, ಕೆಲಸ, ಸರ್ಕಾರಿ ಸವಲತ್ತುಗಳನ್ನು ನಿರ್ಧರಿಸುವಂಥವಕ್ಕೆ ಬಿಗಿ ನಿಯಮ, ಕೆಲವಕ್ಕೆ ನಿಷೇಧ.

ದೆಹಲಿಯ ಹಿಂಜರಿಕೆಗೆ ಕಾರಣ ಇಲ್ಲದಿಲ್ಲ. ಕಬ್ಬಿನ ಎಲೆಯ ಚಿತ್ರ ನೋಡಿ ರೋಗ ಹೇಳುವ ಆ್ಯಪನ್ನು ಮದ್ದೂರಿನ ಇಬ್ಬರು ಎಂಜಿನಿಯರಿಂಗ್ ಹುಡುಗರು ಬಾಡಿಗೆ ಕೋಣೆಯಲ್ಲಿ ಕಟ್ಟುತ್ತಿದ್ದಾರೆ ಎಂದುಕೊಳ್ಳೋಣ. ಅವರ ಮೇಲೆ ನೂರು ಪುಟದ ಅನುಪಾಲನಾ ವರದಿ ಹೇರಿದರೆ ಉಳಿಯುವುದು ವಕೀಲರನ್ನು ಸಾಕಬಲ್ಲ ದೊಡ್ಡ ಕಂಪನಿಗಳೇ. ಅದಕ್ಕೇ ಹೊಣೆಯ ಭಾರ ಬಳಕೆಯನ್ನು ನೋಡಿ ಬೀಳಬೇಕು, ತಂತ್ರಜ್ಞಾನದ ಹೆಸರು ನೋಡಿ ಅಲ್ಲ. ಅಂಗಡಿಯ ತಕ್ಕಡಿಗೆ ಮುದ್ರೆ ಬೇಕು, ಮನೆಯ ಸ್ನಾನದ ಕೋಣೆಯಲ್ಲಿಟ್ಟ ತೂಕದ ಯಂತ್ರಕ್ಕೆ ಬೇಡ. ಎಲೆಯ ರೋಗ ತಪ್ಪಾಗಿ ಹೇಳಿದರೆ ರೈತ ಮಂಡ್ಯದ ವಿ.ಸಿ. ಫಾರಂನ ಕೃಷಿ ತಜ್ಞರನ್ನು ಹೋಗಿ ಕೇಳಬಹುದು. ಬೆಳೆ ವಿಮೆಯ ಇಳುವರಿ ತಪ್ಪಾಗಿ ಹೇಳಿದರೆ ರೈತ ತಾನೇ ಹೋಗಿ ಮತ್ತೆ ಅಳೆಸಲು ಎರಡನೆಯ ಜಾಗವಿಲ್ಲ. ಎರಡನೆಯ ಜಾಗ ಇಲ್ಲದ ಕಡೆಯಲ್ಲೆಲ್ಲ ಮುದ್ರೆ ಕಡ್ಡಾಯವಾಗಬೇಕು.

ಸೂತ್ರಗಳಿಗೆ ಹಲ್ಲು ಕೊಡುವುದು ಹೇಗೆ? ಸರ್ಕಾರದ ಕೈಯಲ್ಲಿ ಕಾಯ್ದೆಗಿಂತ ಹರಿತವಾದ ಒಂದು ಆಯುಧ ಈಗಾಗಲೇ ಇದೆ, ಅದು ಟೆಂಡರು. ಇಂಥ ವ್ಯವಸ್ಥೆಗಳನ್ನು ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರವೇ. 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ ಟೆಂಡರು ಕರೆಯುವ ಕ್ರಮವನ್ನು ಹೇಳುತ್ತದೆ. ಏನನ್ನು ಕೇಳಬೇಕು ಎಂಬುದು ಇಲಾಖೆಯ ಕೈಯಲ್ಲೇ ಇದೆ. ಮುಖ ಗುರುತಿಸುವ ಆ್ಯಪ್ ಕೊಳ್ಳುವಾಗ, ನೂರು ಬಾಣಂತಿಯರಲ್ಲಿ ಎಷ್ಟು ಮಂದಿಯನ್ನು ಗುರುತಿಸಲು ಸೋತಿತು ಎಂಬ ಲೆಕ್ಕವನ್ನು ಜಿಲ್ಲಾವಾರು ಪ್ರಕಟಿಸಬೇಕು ಎಂದು ಕರಾರು ಹಾಕಲಿ. ಸೋತಾಗ ಅಂಗನವಾಡಿ ಕಾರ್ಯಕರ್ತೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಆಹಾರ ಕೊಡಬಹುದು ಎಂಬ ದಾರಿ ತಂತ್ರಾಂಶದಲ್ಲೇ ಇರಲಿ. ಮುತ್ತತ್ತಿ ಕಡೆಯ ಕಾಡಂಚಿನಲ್ಲಿ ಸಿಗ್ನಲ್ ಇಲ್ಲ ಎಂಬ ಕಾರಣಕ್ಕೆ ಮಗುವಿನ ಪಾಲು ತಪ್ಪಬಾರದು. ಕನ್ನಡದಲ್ಲಿ ಮಾತಾಡುವ ಯಂತ್ರವಾದರೆ ‘ಬತ್ತೀನಿ’, ‘ಒಯ್ತೀನಿ’, ‘ಎಂಗೈತೆ’ ಎಂಬ ಮಾತು ಅರ್ಥವಾಗುತ್ತದೆಯೇ ಎಂದು ಮಂಡ್ಯದವರ ಬಾಯಲ್ಲೇ ಪರೀಕ್ಷೆ ನಡೆಯಲಿ. ಆಕಾಶವಾಣಿಯ ವಾರ್ತೆಯ ಕನ್ನಡವನ್ನು ಮಾತ್ರ ಬಲ್ಲ ಯಂತ್ರಕ್ಕೆ ನಾಡಕಚೇರಿಯಲ್ಲಿ ಕೆಲಸವಿಲ್ಲ.

ಎರಡನೆಯ ಆಯುಧ ಸಕಾಲ. ಕರ್ನಾಟಕದ 2011ರ ಈ ಕಾಯ್ದೆ ಅರ್ಜಿ ವಿಲೇವಾರಿಗೆ ದಿನ ಗೊತ್ತು ಮಾಡಿತು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅದೂ ತಡ ಮಾಡಿದ ಅಧಿಕಾರಿಯ ಸಂಬಳದಿಂದ. ಮೊತ್ತ ಸಣ್ಣದು, ಆದರೆ ಹೊಣೆಗೆ ಹೆಸರು ಸಿಕ್ಕಿತು. ಯಂತ್ರ ಯಾವುದೇ ಸವಲತ್ತನ್ನು ನಿಲ್ಲಿಸಿದರೆ ಇಷ್ಟು ದಿನದೊಳಗೆ ಒಬ್ಬ ಮನುಷ್ಯ ಅದನ್ನು ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಸವಲತ್ತು ಮುಂದುವರಿಯಬೇಕು ಎಂದು ಅದರಲ್ಲೇ ಒಂದು ಸೇವೆ ಸೇರಿಸಿದರೆ ಇಡೀ ದೇಶಕ್ಕೆ ಕರ್ನಾಟಕ ಮೇಲ್ಪಂಕ್ತಿ ಹಾಕಿದಂತಾಗುತ್ತದೆ. ದಂಡದ ಪಾಲು ಈ ಸಲ ತಂತ್ರಾಂಶ ಕೊಟ್ಟ ಕಂಪನಿಯ ಬಿಲ್ಲಿನಿಂದಲೂ ಕಡಿತವಾಗಲಿ. ಸಂಬಳದಿಂದ 20 ರೂಪಾಯಿ ಕಳೆದುಕೊಳ್ಳುವ ಗುಮಾಸ್ತನಿಗಿಂತ, ಬಿಲ್ಲು ಕಡಿತವಾಗುವ ಕಂಪನಿ ಬೇಗ ಕಲಿಯುತ್ತದೆ.

ಬೆದರಿಕೆಯೊಂದೇ ಸಾಲದು, ಬೆಲ್ಲವೂ ಬೇಕು. 2024ರಲ್ಲಿ ಒಪ್ಪಿಗೆಯಾದ ಇಂಡಿಯಾ ಎಐ ಮಿಷನ್ನಿನ ಗಾತ್ರ ಸುಮಾರು 10,372 ಕೋಟಿ ರೂಪಾಯಿ. ದುಬಾರಿ ಗಣಕಶಕ್ತಿಯನ್ನು ಕಂಪನಿಗಳಿಗೆ ರಿಯಾಯಿತಿ ದರದಲ್ಲಿ ಕೊಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಜನರ ದುಡ್ಡಿನಲ್ಲಿ ಕಟ್ಟಿದ ಮಾದರಿಯ ಪರೀಕ್ಷಾ ಫಲಿತಾಂಶ ಜನರಿಗೆ ಸಿಗಲಿ ಎಂಬ ಷರತ್ತು ಹಾಕುವುದಕ್ಕೆ ಯಾವ ಉದ್ಯಮಿಯೂ ಆಕ್ಷೇಪ ಎತ್ತಲಾರ. ಉದ್ಯಮದಲ್ಲೂ ಒಳ್ಳೆಯ ನಡೆಗಳು ಕಾಣುತ್ತಿವೆ. ಇನ್ಫೊಸಿಸ್ 2025ರ ಫೆಬ್ರುವರಿಯಲ್ಲಿ ತನ್ನ ಹೊಣೆಯರಿತ ಎಐ ಸಲಕರಣೆಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿಟ್ಟಿತು. ಪಕ್ಷಪಾತ, ಸುಳ್ಳು ಉತ್ತರ, ಖಾಸಗಿ ಮಾಹಿತಿಯ ಸೋರಿಕೆ ಪರೀಕ್ಷಿಸಲು ಅದು ನೆರವಾಗುತ್ತದೆ. ಬೊಟ್ಟುಗಳು ಸಿದ್ಧವಾಗಿವೆ ಎಂದಾಯಿತು. ಇಟ್ಟು ನೋಡುವ ಇನ್‌ಸ್ಪೆಕ್ಟರ್ ಬೇಕು.

ಇನ್ನೊಂದು ಲೆಕ್ಕ ಬಾಕಿ ಇದೆ. ಅದಕ್ಕೆ ಮಳವಳ್ಳಿ ತಾಲ್ಲೂಕಿನ ಬ್ಲಫ್‌ಗೆ ಹೋಗಬೇಕು. ಶಿವನಸಮುದ್ರ ಜಲಪಾತದ ಬಳಿಯ ಅಲ್ಲಿನ ವಿದ್ಯುದಾಗಾರದಿಂದ 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ಹರಿದದ್ದು ಬೆಳಕವಾಡಿಗೂ ಅಲ್ಲ, ಮಳವಳ್ಳಿಗೂ ಅಲ್ಲ, 147 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸುತ್ತಿದ್ದದ್ದು ಇಂಗ್ಲೆಂಡಿನ ಕಂಪನಿ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು, ಆಮೇಲೆ ಮೈಸೂರು. ತಂತಿ ತಲೆಯ ಮೇಲೆ ಹಾದು ಹೋಗುವುದನ್ನು ನೋಡುತ್ತಾ ಜಲಪಾತದ ಸುತ್ತಲಿನ ಊರುಗಳು ಬುಡ್ಡಿ ದೀಪದಲ್ಲೇ ಉಳಿದವು. ಅದನ್ನು ಯೋಜನೆ ಆರಂಭಿಸಿದ ದಿವಾನ್ ಶೇಷಾದ್ರಿ ಅಯ್ಯರರ ತಪ್ಪೆನ್ನುವಂತಿಲ್ಲ. ಗಣಿ ಕೊಟ್ಟ ದುಡ್ಡಿನಿಂದಲೇ ಯೋಜನೆ ಬದುಕಿತು. ಆದರೆ ನೀರು ಯಾರದ್ದು ಎಂದು ಆಗ ಯಾರೂ ಕೇಳಲಿಲ್ಲ.

ಇಂದು ಹರಿಯುತ್ತಿರುವುದು ಮಾತು. ಯಂತ್ರ ಕನ್ನಡ ಕಲಿಯಬೇಕಾದರೆ ಹಳ್ಳಿಯವರ ದನಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿದೆ. ಶಿವನಸಮುದ್ರದಿಂದ ಕಾವೇರಿ ದಾಟಿದರೆ ಸಿಗುವ ಯಳಂದೂರು ಸೀಮೆಯಲ್ಲಿ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆ ಹೆಣ್ಣುಮಕ್ಕಳಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿಸಿ ದಾಖಲಿಸಿತು. ಗಂಟೆಗೆ ಐದು ಡಾಲರು, ಅಂದರೆ 400 ರೂಪಾಯಿಯಷ್ಟು ಕೂಲಿ. ಆ ದನಿಯನ್ನು ಮತ್ತೆ ಮಾರಿದರೆ ಅದರಲ್ಲೂ ಪಾಲು. ಗದ್ದೆಯ ದಿನಗೂಲಿ ಗೊತ್ತಿರುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಒಂದು ಸಣ್ಣ ಸಂಸ್ಥೆ ಕೊಡಬಹುದಾದದ್ದನ್ನು ಲಕ್ಷ ಕೋಟಿ ಮೌಲ್ಯದ ಕಂಪನಿಗಳು ಕೊಡಲಾಗದು ಎನ್ನಲು ಬಾಯಿಲ್ಲ. ದನಿ ಕೊಟ್ಟವರಿಗೆ ಕೂಲಿ, ಮರುಮಾರಾಟದಲ್ಲಿ ಪಾಲು, ಬೇಡವೆಂದರೆ ಅಳಿಸುವ ಹಕ್ಕು, ಇವು ಮೂರೂ ಸರ್ಕಾರಿ ಭಾಷಾ ಯೋಜನೆಗಳಲ್ಲಿ ಮೊದಲು ಬರಲಿ. ಮಿಕ್ಕವರು ಹಿಂದೆ ಬರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ ಮಾತಾಡುತ್ತದೆ, ಕೂಲಿಯ ಬಗ್ಗೆ ಮೌನ.

ಸರ್ಕಾರ, ಉದ್ಯಮ ಎರಡೂ ತಾವಾಗಿ ಹೊಣೆ ಹೊರುವವರೆಗೆ ಓದುಗರು ಕೈಕಟ್ಟಿ ಕೂರಬೇಕಾಗಿಲ್ಲ. ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ‘ಸಿಸ್ಟಮ್ ತಗೊಳ್ತಿಲ್ಲ’ ಎಂದರೆ ಸುಮ್ಮನೆ ವಾಪಸು ಬರಬೇಡಿ. ಕಾರಣ ಬರೆದ ಹಿಂಬರಹ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಮೂರು ಸಾಲು ಬರೆಯಿರಿ: ನನ್ನ ಅರ್ಜಿಯನ್ನು ತಡೆದ ತಂತ್ರಾಂಶ ಯಾವುದು, ಅದನ್ನು ಪರೀಕ್ಷಿಸಿದವರು ಯಾರು, ಎಂದು? ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ. ಯಂತ್ರ ಕಾರ್ಡನ್ನೇ ರದ್ದು ಮಾಡಿದ್ದರೆ ಮಾತ್ರ ಕಟ್ಟಬೇಕಾಗುತ್ತದೆ.